ಅಕ್ಕನ ಮಾತನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದ ಫಿಲ್ಟರ್ ಮಹಾಶಯರಿಗೆ

ಮಾನ್ಯರೇ,

ಲಾಂಚ್ ಕಚೇರಿಯ ಮೇಲ್ಮಹಡಿಯ ರೇಡಿಯೊ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಬ್ಬಿಣದ ಕಪಾಟಿನ ನಡುವಿನ ಹಲಗೆಯ ಮೇಲೆ, ಹಸಿರು ದೀಪವನ್ನು ಹಣೆಗಿಟ್ಟುಕೊಂಡು, ರೇಡಿಯೊಗೆ ಬರುವ ಮಾತನ್ನೆಲ್ಲ ಸೋಸುತ್ತ ಸುಖಾಸೀನರಾಗಿರುವ ತಮಗೆ, ಅದೇ ಕಪಾಟಿನ ಎದುರಿನ ಕುರ್ಚಿಯಲ್ಲಿ ಅಷ್ಟೇನೂ ಸುಖವಾಗಿಲ್ಲದೆ ಕುಳಿತಿರುವ ರೇಡಿಯೊ ಆಪರೇಟರಾದ ನನ್ನ ಸಾದರ ನಮಸ್ಕಾರಗಳು. ತಮ್ಮ ಹೊಟ್ಟೆಯೊಳಗಿನ ಪುಟ್ಟ ಮೋಟಾರು ಸರಾಗವಾಗಿ ತಿರುಗುತ್ತಿದೆಯೆಂದೂ, ಬೆನ್ನ ಹಿಂದಿನ ತಂತಿಗಳು ಬಿಗಿಯಾಗಿವೆಯೆಂದೂ, ತಮ್ಮ ನೆತ್ತಿಯ ಮೇಲೆ ಯಾರೂ ಟೀ ಲೋಟ ಇಡುತ್ತಿಲ್ಲವೆಂದೂ ನಂಬಿದ್ದೇನೆ. ಇಟ್ಟವಳು ನಾನೊಬ್ಬಳೇ, ಅದೂ ಒಂದೇ ಸಲ, ಸಿಟ್ಟಿನಲ್ಲಿ.

ಈ ಪತ್ರವನ್ನು ನಾಲ್ಕು ಜನರ ಮುಂದೆ ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ತಮ್ಮನ್ನು ತಯಾರಿಸಿದವರಿಗೆ ಗುಟ್ಟಾಗಿ ಬರೆಯೋಣವೆಂದರೆ ಅವರು 'ಉಪಕರಣದಲ್ಲಿ ಯಾವ ದೋಷವೂ ಕಂಡುಬಂದಿಲ್ಲ' ಎಂದು ಮರುಟಪಾಲಿನಲ್ಲೇ ಉತ್ತರಿಸಿ ಕೈ ತೊಳೆದುಕೊಳ್ಳುತ್ತಾರೆ. ನನ್ನ ದೂರಾದರೂ ಅದೇ. ತಮ್ಮಲ್ಲಿ ದೋಷವೇ ಇಲ್ಲ. ಇಷ್ಟು ಚೊಕ್ಕಟವಾಗಿ, ಇಷ್ಟು ನಿಷ್ಠೆಯಿಂದ ಕೆಲಸ ಮಾಡುವವರು ನಮ್ಮ ಕಚೇರಿಯಲ್ಲಿ ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ, ಆದ್ದರಿಂದಲೇ ತಾಪತ್ರಯ. ನನ್ನ ಅಕ್ಕ ನನಗೆ ಹೇಳಿದ ಒಂದು ಮಾತನ್ನು ತಾವು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿಬಿಟ್ಟಿರಿ. ಆ ಮಾತು ನನಗೆ ಬೇಕು. ಅಂಥದ್ದನ್ನು ಅವಳು ಹುಟ್ಟಿದಂದಿನಿಂದ ಯಾರಿಗೂ ಹೇಳಿದವಳಲ್ಲ, ಇನ್ನೊಮ್ಮೆ ಹೇಳುವ ಲಕ್ಷಣವೂ ಕಾಣುತ್ತಿಲ್ಲ.

ತಾವು ಬರುವ ಮುಂಚೆ ನಮ್ಮ ಬಾಳು ಹೇಗಿತ್ತೆಂದು ತಮಗೆ ತಿಳಿದಿರಲಾರದು. ಈ ಕಟ್ಟಡದ ತಾರಸಿಯ ಮೇಲೆ ಎರಡು ಆಂಟೆನಾಗಳಿವೆ. ಒಂದು ನಮ್ಮದು, ಹೊಳೆಯ ಮೇಲೆ ಜನರನ್ನು ಆಚೆ ಈಚೆ ದಾಟಿಸುವ ಲಾಂಚುಗಳ ಮಾತು ಅದರಲ್ಲಿ ಬಂದಿಳಿಯುತ್ತದೆ. ಇನ್ನೊಂದು, ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಎದುರು ಕೋಣೆಯ ಟ್ಯಾಕ್ಸಿ ಕಂಪನಿಯದು. ಅಲ್ಲಿ ಕುಳಿತು ಊರಿನ ಟ್ಯಾಕ್ಸಿಗಳನ್ನೆಲ್ಲ ಓಡಿಸುವವರನ್ನು ನಾವು ಟ್ಯಾಕ್ಸಿಯಣ್ಣ ಎನ್ನುತ್ತೇವೆ. ಮನುಷ್ಯ ದೇವರಂಥವರು, ಆದರೆ ಅವರ ಟ್ರಾನ್ಸ್‌ಮಿಟರಿನದು ಊರಿನ ಆ ತುದಿಗೂ ಮುಟ್ಟುವ ಗಂಟಲು, ಮತ್ತು ಅವರ ತರಂಗಾಂತರ ನಮ್ಮದಕ್ಕೆ ಒತ್ತಿಕೊಂಡೇ ಇದೆ. ನೀರಿನ ನಡುವಿಂದ ಬರುವ ಸಣ್ಣ ದನಿಗಾಗಿ ನಮ್ಮ ರಿಸೀವರು ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ಅವರು ಮಾತಾಡಲು ಮೈಕಿನ ಗುಂಡಿ ಒತ್ತಿದರೆ, ಪಿಸುಮಾತಿಗೆ ಕಿವಿಗೊಟ್ಟವರ ಪಕ್ಕದಲ್ಲೇ ಯಾರೋ ಸೀಟಿ ಊದಿದ ಹಾಗಾಗಿ ಅದು ಒಂದು ಗಳಿಗೆ ಕಿವುಡಾಗಿಬಿಡುತ್ತಿತ್ತು. ಲಾಂಚಿನವರು ದಡದ ಜೆಟ್ಟಿ ಖಾಲಿ ಇದೆಯೇ ಎಂದು ಕೇಳುತ್ತಿದ್ದರೆ ನನಗೆ 'ಸ್ಟೇಷನ್ನಿಗೆ ಹೋಗು, ಎರಡು ಸೂಟ್‌ಕೇಸಿದೆ, ಅಜ್ಜಿಗೆ ಮುಂದಿನ ಸೀಟು ಕೊಡು' ಎಂದು ಕೇಳಿಸುತ್ತಿತ್ತು. ಈ ಊರಿನಲ್ಲಿ ಯಾರಿಗೆ ಯಾವ ಡಾಕ್ಟರು, ಯಾರ ಮಗಳು ಯಾರ ಮನೆಯಿಂದ ಅಳುತ್ತ ವಾಪಸಾದಳು ಎಂಬುದೆಲ್ಲ ನನಗೆ ಕುಳಿತಲ್ಲೇ ತಿಳಿಯುತ್ತಿತ್ತು. ಯಾವ ಲಾಂಚು ಎಲ್ಲಿದೆ ಎಂಬುದೊಂದನ್ನು ಬಿಟ್ಟು.

ಈ ಕಾಟಕ್ಕೆ ಲಾಂಚಿನವರು ತಾವೇ ಒಂದು ಉಪಾಯ ಮಾಡಿಕೊಂಡಿದ್ದರು. ಆಗಿನ ಸೆಟ್ಟುಗಳಿಗೆಲ್ಲ ತಿರುಗಿಸುವ ಬಿರಡೆ ಇರುತ್ತಿತ್ತು. ನಮಗೆ ಕೊಟ್ಟ ತರಂಗಾಂತರದ ಸಂಖ್ಯೆಯ ಮೇಲೆ ನೇರವಾಗಿ ನಿಲ್ಲದೆ, ಟ್ಯಾಕ್ಸಿಯಣ್ಣನಿಂದ ಕೂದಲೆಳೆಯಷ್ಟು ದೂರಕ್ಕೆ ಬಿರಡೆಯನ್ನು ಸರಿಸಿಕೊಂಡರೆ ಮಾತು ಕೊಂಚ ತಿಳಿಯಾಗಿ ಸಿಗುತ್ತಿತ್ತು. ಜೋರಾಗಿ ಮಾತಾಡುವವರ ಪಕ್ಕದ ಸೀಟಿನಿಂದ ಒಂದಿಷ್ಟು ಸರಿದು ಕೂರುತ್ತೇವಲ್ಲ, ಹಾಗೆ. ಇದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ, ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಕೈಗೆ ರೂಢಿಯಾಯಿತು ಅಷ್ಟೆ. ಕೋಣೆಯಲ್ಲಿ ನಾನೂ ನನ್ನ ರಿಸೀವರಿನ ಬಿರಡೆಯನ್ನು ಅತ್ತಲೇ ಸ್ವಲ್ಪ ಓರೆಯಾಗಿಟ್ಟುಕೊಂಡಿದ್ದೆ. ಆಮೇಲೆ ಹೊಸ ಲಾಂಚುಗಳು ಬಂದವು. ಅವುಗಳ ಸೆಟ್ಟಿಗೆ ಬಿರಡೆಯೇ ಇಲ್ಲ, ಕೊಟ್ಟ ಸಂಖ್ಯೆಗೆ ಅಚ್ಚುಹೊಯ್ದ ಹಾಗೆ ಕೂತಿರುತ್ತವೆ. ಬಿರಡೆಯಿರುವ ಹಳೆಯ ಲಾಂಚು ಈಗ ಒಂದೇ ಉಳಿದಿದೆ. ಅದನ್ನು ಓಡಿಸುವವಳು ನನ್ನ ಅಕ್ಕ.

ಹೀಗಿರುವಲ್ಲಿ ತಮ್ಮ ಆಗಮನವಾಯಿತು. ರಟ್ಟಿನ ಪೆಟ್ಟಿಗೆಯಿಂದ ತಮ್ಮನ್ನು ಹೊರತೆಗೆದ ಟೆಕ್ನಿಷಿಯನ್ನರು ತಮ್ಮ ಗುಣಗಾನ ಮಾಡಿದ್ದನ್ನು ನೆನೆದರೆ ಇಂದಿಗೂ ಮೈ ಪುಳಕಗೊಳ್ಳುತ್ತದೆ. ಮಾಮೂಲಿ ಫಿಲ್ಟರುಗಳು ಕಾರ್ಖಾನೆಯಲ್ಲಿ ಕಲಿಸಿದ ಒಂದೇ ಪಾಠ ಒಪ್ಪಿಸಿಕೊಂಡಿರುತ್ತವಂತೆ. ತಾವಾದರೋ ಯಾವ ಸಂಖ್ಯೆ ಹೇಳಿದರೆ ಆ ಸಂಖ್ಯೆಗೆ ತಾವಾಗಿ ತಿರುಗಿ ಹೊಂದಿಕೊಂಡು, ಆ ಮಾತನ್ನಷ್ಟೇ ಒಳಗೆ ಬಿಟ್ಟು ಅಕ್ಕಪಕ್ಕದ್ದನ್ನೆಲ್ಲ ಹೊಸ್ತಿಲಾಚೆಯೇ ನಿಲ್ಲಿಸುವ ಮಹಾಮಹಿಮರು. "ಯಾವ ನಂಬರಿಗೆ ಕೂರಿಸ್ಲಿ ಮೇಡಂ?" ಎಂದು ಅವರು ಕೇಳಿದರು. ನಾನು ಬಾಗಿಲ ಮೇಲಿನ ಫಲಕದಲ್ಲಿ ಬಣ್ಣದಿಂದ ಬರೆದಿದ್ದ ಸರಕಾರಿ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು ನನ್ನ ರಿಸೀವರಿನ ಕಡೆ ನೋಡಿ, "ಇದ್ಯಾಕೆ ಸೊಟ್ಟಗಿದೆ?" ಎಂದು ಬಿರಡೆಯನ್ನೂ ನೆಟ್ಟಗೆ ಮಾಡಿದರು. ಗೋಡೆಯ ಮೇಲೆ ಓರೆಯಾದ ಪಟವನ್ನು ಯಾರೋ ಸರಿಪಡಿಸಿದರೆ ಆಗುವಂಥ ಸಮಾಧಾನವೇ ನನಗೂ ಆಯಿತು. ಅದು ಯಾಕೆ ಓರೆಯಾಗಿತ್ತೆಂದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲೇ ಇಲ್ಲ.

ಆಹಾ, ಆಮೇಲಿನ ನಿಶ್ಶಬ್ದ! ಟ್ಯಾಕ್ಸಿಯಣ್ಣ ಎದುರು ಕೋಣೆಯಲ್ಲಿ ಕೂಗುವುದು ತೆರೆದ ಬಾಗಿಲಿನಿಂದ ಕೇಳುತ್ತಿತ್ತೇ ಹೊರತು ನನ್ನ ಹೆಡ್‌ಫೋನಿನಲ್ಲಿ ಅದರ ಸುಳಿವೂ ಇರಲಿಲ್ಲ. ಹೊಸ ಲಾಂಚುಗಳ ಮಾತು ಪಕ್ಕದಲ್ಲೇ ಕೂತು ಮಾತಾಡಿದಷ್ಟು ನಿಚ್ಚಳ. ತಮ್ಮ ಮೈಮೇಲಿನ ಧೂಳನ್ನು ನನ್ನ ಸೆರಗಿನಿಂದಲೇ ಒರೆಸಿದೆ. ಅಂದು ಹಳೆಯ ಲಾಂಚಿನಿಂದ ಒಂದು ಮಾತೂ ಬರಲಿಲ್ಲ, ಆದರೆ ಅದು ನನಗೆ ವಿಚಿತ್ರವೆನಿಸಲಿಲ್ಲ. ಯಾಕೆನಿಸಲಿಲ್ಲ ಎಂಬುದನ್ನು ತಮ್ಮ ಮುಂದೆ ಬಿಚ್ಚಿಡಲು ನಾಚಿಕೆಯಾಗುತ್ತದೆ, ಆದರೂ ದೂರು ಕೊಟ್ಟ ಮೇಲೆ ವಿವರ ಕೊಡಬೇಕಷ್ಟೆ.

ಅದರ ಹಿಂದಿನ ಸಂಜೆ ಅಕ್ಕ ಲಾಂಚನ್ನು ಜೆಟ್ಟಿಗೆ ತರುವಾಗ ಅಂಚಿಗೆ ಒಂದಿಷ್ಟು ಉಜ್ಜಿದಳು. ಬಣ್ಣ ಕಿತ್ತಿತು, ಬೇರೇನೂ ಆಗಲಿಲ್ಲ. ಕಿಟಕಿಯಿಂದ ನೋಡಿದ ನಾನು ಸುಮ್ಮನಿರಬಹುದಿತ್ತು. ಇರಲಾರದೆ, ಎಲ್ಲ ಲಾಂಚುಗಳಿಗೂ ಕೇಳುವ ಹಾಗೆ ಮೈಕಿನಲ್ಲಿ, "ಅಕ್ಕಾ, ಕನ್ನಡಕ ಬದಲಾಯಿಸೋ ಕಾಲ ಬಂತು ಕಣೇ" ಎಂದುಬಿಟ್ಟೆ. ಹೊಸ ಲಾಂಚುಗಳ ಡ್ರೈವರುಗಳೆಲ್ಲ ತಂತಮ್ಮ ಮೈಕು ಒತ್ತಿ ಒಬ್ಬರಾದ ಮೇಲೊಬ್ಬರು ನಕ್ಕರು. ಅಕ್ಕ ನಗಲಿಲ್ಲ. ನಾವಿಬ್ಬರೂ ಅಮ್ಮನ ಜೊತೆ ಒಂದೇ ಮನೆಯಲ್ಲಿರುವವರು; ಚಪ್ಪಲಿ ಬಿಡುವ ಮೊದಲೇ ಅವಳು ಶುರುಮಾಡಿದಳು. "ನಿನ್ನ ಕೈಹಿಡಿದು ಈ ನೀರನ್ನ ತೋರಿಸಿದವಳು ನಾನು. ಮೇಲೆ ಕುರ್ಚೀಲಿ ಕೂತ್ಕೊಂಡು ನನ್ನ ಕಣ್ಣು ಪರೀಕ್ಷೆ ಮಾಡ್ತೀಯಾ, ಅದೂ ಹತ್ತು ಜನರ ಮುಂದೆ?" ಎಂದಳು. ತಮಾಷೆ ಮಾಡಿದರೆ ಇಷ್ಟು ದೊಡ್ಡದು ಮಾಡುವುದೇಕೆ ಎಂದು ನಾನೂ ಏನೇನೋ ಅಂದೆ. "ಇನ್ಮೇಲೆ ನಾನು ನಿನ್ನ ಹತ್ರ ಮಾತಾಡೋದು ಕೆಲಸದ ಮಾತು ಮಾತ್ರ" ಎಂದು ಅವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಕೆಲಸದ ಮಾತೂ ಬರಲಿಲ್ಲ. ಪ್ರತಿ ಲಾಂಚೂ ಜೆಟ್ಟಿ ಹತ್ತಿರವಾದಾಗ ಕೋಣೆಗೆ ಕರೆದು ತಾನು ಬಂದೆನೆಂದು ಹೇಳಬೇಕು, ಕೋಣೆ ಉತ್ತರ ಕೊಡಬೇಕು. ಕೋಣೆ ತಾನಾಗಿ ಕರೆಯುವ ಪದ್ಧತಿಯಿಲ್ಲ. ಅಕ್ಕನ ಲಾಂಚು ಕಿಟಕಿಯಲ್ಲಿ ಕಾಣುತ್ತಿತ್ತು, ಜನ ಇಳಿಯುವುದೂ ಹತ್ತುವುದೂ ಕಾಣುತ್ತಿತ್ತು, ಆದರೆ ಹೆಡ್‌ಫೋನಿನಲ್ಲಿ ತುಟಿಪಿಟಕ್ಕಿಲ್ಲ. ಎಂಥ ಸೊಕ್ಕು, ಸರಕಾರಿ ರೇಡಿಯೊದಲ್ಲೂ ಮುನಿಸೇ ಎಂದು ನನಗೆ ಮೈಯೆಲ್ಲ ಉರಿಯಿತು. ಅತ್ತ ಅವಳು ದಿನವೂ ತಪ್ಪದೆ ಕರೆಯುತ್ತಿದ್ದಳಂತೆ. ತನ್ನ ರೂಢಿಯಂತೆ, ಕೂದಲೆಳೆಯಷ್ಟು ಸರಿದು ನಿಂತು. ತಾವು ಅವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಹಸಿರು ದೀಪ ಉರಿಸಿಕೊಂಡು ಕೂತಿದ್ದಿರಿ. ಎಂಥ ಸೊಕ್ಕು, ಉತ್ತರ ಕೊಡುವುದಕ್ಕೂ ಆಗದಷ್ಟು ದೊಡ್ಡವಳಾದಳೇ ಎಂದು ಅವಳಿಗೂ ಮೈ ಉರಿಯುತ್ತಿತ್ತು. ಸಂಜೆ ಮನೆಯಲ್ಲಿ ಇಬ್ಬರೂ ಮುಖ ಊದಿಸಿಕೊಂಡು ಎದುರುಬದುರು ಊಟ ಮಾಡುತ್ತಿದ್ದೆವು. ಇಂಥ ಅಪಾರ್ಥವನ್ನು ಇಷ್ಟು ಅಂದವಾಗಿ ಕಾಪಾಡಿಕೊಂಡು ಬರುವುದು ಸಾಮಾನ್ಯ ಯಂತ್ರಕ್ಕೆ ಸಾಧ್ಯವಿಲ್ಲ, ಮಹಾಶಯರೇ.

ಈ ವಿಷಯದಲ್ಲಿ ತಾವು ನಮ್ಮ ಅಮ್ಮನ ಬಳಿ ಕೆಲವು ದಿನ ಪಾಠ ಹೇಳಿಸಿಕೊಳ್ಳಬೇಕೆಂದು ವಿನಮ್ರವಾಗಿ ಸೂಚಿಸುತ್ತೇನೆ. ಆ ದಿನಗಳಲ್ಲಿ ನಮ್ಮ ನಡುವಿನ ಮಾತೆಲ್ಲ ಅಮ್ಮನ ಮೂಲಕವೇ ಸಾಗಬೇಕಿತ್ತು. "ಆ ಮಹಾರಾಣಿಗೆ ಹೇಳು, ಬಿಸಿನೀರು ಕಾದಿದೆ, ಬೇಕಾದ್ರೆ ಹೋಗ್ಲಿ, ಇಲ್ದಿದ್ರೆ ಬಿಡ್ಲಿ" ಎಂದು ಅಕ್ಕ ಒಗೆದದ್ದು ಅಮ್ಮನ ಬಾಯಿಂದ, "ನೀರು ಕಾದಿದೆಯಂತೆ, ಹೋಗು ಮಗಾ, ಆರಿಹೋಗುತ್ತೆ" ಎಂದು ನನಗೆ ಬಂದು ಮುಟ್ಟುತ್ತಿತ್ತು. ಬೇಕಾದ್ದು ಬಂತು, ಮುಳ್ಳು ಆಚೆಯೇ ಉಳಿಯಿತು. ಅಮ್ಮನಿಗೆ ಯಾರೂ ಸಂಖ್ಯೆ ಹೇಳಿಕೊಟ್ಟಿಲ್ಲ, ಹೊಟ್ಟೆಯಲ್ಲಿ ಮೋಟಾರೂ ಇಲ್ಲ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿಯಿತು. ಕಿಟಕಿಯಲ್ಲಿ ಜೆಟ್ಟಿಯ ತುದಿಯೂ ಕಾಣುತ್ತಿರಲಿಲ್ಲ. ಹೊಸ ಲಾಂಚುಗಳೆಲ್ಲ ತಾವಿರುವ ಜಾಗ ಹೇಳಿದವು, ಹಳೆಯದೊಂದು ಹೇಳಲಿಲ್ಲ. ಪದ್ಧತಿ ಬಿಟ್ಟು ನಾನೇ ಕರೆಯೋಣವೆಂದು ಕೈ ಮೈಕಿನವರೆಗೂ ಹೋಯಿತು. ನಾನೇಕೆ ಮೊದಲು ಮಾತಾಡಲಿ ಎಂಬ ಬಿಂಕ ಕೈಹಿಡಿದು ಹಿಂದಕ್ಕೆಳೆಯಿತು. ಹಾಗೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಎದುರು ಕೋಣೆಯ ಟ್ಯಾಕ್ಸಿಯಣ್ಣ, ಕಿವಿಯ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು, ಕಿತ್ತುಬಂದ ವೈರನ್ನು ಬಾಲದಂತೆ ಎಳೆದುಕೊಂಡು ಓಡಿಬಂದರು. "ಮೇಡಂ, ನಿಮ್ಮ ಅಕ್ಕ ನಮ್ಮ ಲೈನಿಗೆ ಬಂದು ಟ್ಯಾಕ್ಸಿ ಕೇಳ್ತಿದಾರೆ. ಎಲ್ಲಿಗಮ್ಮಾ ಅಂದ್ರೆ ಹೊಳೆ ನಡುವಿಗೆ ಅಂತಾರೆ!" ಎಂದರು.

ಇಂಜಿನ್ ನಿಂತುಹೋಗಿತ್ತು. ಲಾಂಚಿನ ತುಂಬ ಕೆಲಸಕ್ಕೆ ಹೊರಟ ಜನ. ಸೆಳೆತ ಅದನ್ನು ಮುರಿದ ಹಳೆಯ ಸೇತುವೆಯ ಕಂಬಗಳ ಕಡೆಗೆ ತಳ್ಳುತ್ತಿತ್ತು. ಅಕ್ಕ ನನ್ನನ್ನು ಕರೆದು ಕರೆದು ಸಾಕಾಗಿ, ಇಷ್ಟು ವರ್ಷ ಯಾರಿಂದ ದೂರ ಸರಿದು ನಿಂತಿದ್ದಳೋ ಅವರ ಸಂಖ್ಯೆಗೇ ಬಿರಡೆ ತಿರುಗಿಸಿ ಕೂಗಿದ್ದಳು. ಓಡಿಹೋಗಿ ಟ್ಯಾಕ್ಸಿಯಣ್ಣನ ಮೈಕು ಕಿತ್ತುಕೊಂಡು, "ಅಕ್ಕಾ, ನಾನೇ ಕಣೇ" ಎಂದೆ. ಗರಗರದ ನಡುವಿನಿಂದ ಅವಳು, "ಬದುಕಿದೀಯಾ? ಸರಿ. ಲಂಗರು ಹಿಡೀತಿಲ್ಲ, ಕಂಬ ಕಾಣ್ತಿದೆ. ಹೊಸ ಲಾಂಚನ್ನ ಹಗ್ಗ ಸಮೇತ ಕಳಿಸು. ಅಳೋದೆಲ್ಲ ಆಮೇಲೆ" ಎಂದಳು. ನಾನು ಅಳುತ್ತಿದ್ದೇನೆಂದು ನನಗೇ ಆಗ ಗೊತ್ತಾದದ್ದು. ಅವಳ ಮಾತು ಕೇಳಲು ಟ್ಯಾಕ್ಸಿಯಣ್ಣನ ಕೋಣೆಗೆ, ಹೊಸ ಲಾಂಚನ್ನು ಕಳಿಸುವುದಕ್ಕೆ ನನ್ನ ಕೋಣೆಗೆ ಎಂದು ನಾನು ಹುಚ್ಚಿಯ ಹಾಗೆ ಓಡಾಡಿದೆ. ಹೊಸ ಲಾಂಚು ಮಂಜಿನಲ್ಲಿ ಗಂಟೆ ಹೊಡೆದುಕೊಂಡು ಹೋಗಿ, ಹಗ್ಗ ಎಸೆದು, ಕಂಬಕ್ಕೆ ಮುಟ್ಟುವ ಮುನ್ನ ಅವರನ್ನು ಎಳೆದು ತಂದಿತು. ಒಬ್ಬರ ಸೈಕಲ್ಲಿನ ಹ್ಯಾಂಡಲ್ ಡೊಂಕಾದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಜೆಟ್ಟಿಯ ಮೇಲೆ ಅಕ್ಕ ಮೊದಲು ಕೇಳಿದ್ದು, "ಇಷ್ಟು ದಿನ ಕರೆದರೂ ಯಾಕೆ ಉತ್ತರ ಕೊಡ್ಲಿಲ್ಲ?" ಎಂದು. ನಾನು, "ನೀನು ಕರೆದರೆ ತಾನೆ?" ಎಂದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲವೆಂದು ಇಬ್ಬರಿಗೂ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸಂಜೆಗೆ ಟೆಕ್ನಿಷಿಯನ್ನರು ಬಂದು ತಮ್ಮನ್ನು ತಪಾಸಣೆ ಮಾಡಿ, "ನೀವು ಹೇಳಿದ ನಂಬರಿಗೇ ಇದೆಯಲ್ಲ ಮೇಡಂ, ಒಂದಿಷ್ಟೂ ಕದಲಿಲ್ಲ" ಎಂದು ತಮ್ಮ ಬೆನ್ನು ತಟ್ಟಿದರು. ನಾನು ತಮ್ಮ ನೆತ್ತಿಯ ಮೇಲೆ ಟೀ ಲೋಟ ಕುಕ್ಕಿದ್ದು ಆಗಲೇ.

ನನ್ನ ನಿಜವಾದ ನಷ್ಟ ತಿಳಿದದ್ದು ಮಾತ್ರ ಅದಾದ ಮೇಲೆ. ಟ್ಯಾಕ್ಸಿಯಣ್ಣನ ರಿಸೀವರಿಗೆ ತಮ್ಮಂಥ ಕಾವಲುಗಾರರಿಲ್ಲ. ಅಕ್ಕನ ಹಳೆಯ ಸೆಟ್ಟೋ ಒಂದು ಸಂಖ್ಯೆಯಲ್ಲಿ ಮಾತಾಡಿದರೆ ಆಚೀಚೆಗೂ ಹರಡಿಕೊಳ್ಳುವಂಥದ್ದು. ಆದ್ದರಿಂದ ಲಾಂಚು ಈ ದಡಕ್ಕೆ ಬಂದು ಜೆಟ್ಟಿ ಸಮೀಪಿಸಿದಾಗ ಅವಳ ಮಾತು ಅವರಿಗೆ ಸಣ್ಣಗೆ ಕೇಳಿಸುತ್ತಿತ್ತಂತೆ. ಮುನಿಸಿನ ಮೊದಲ ದಿನಗಳಲ್ಲಿ ಅವಳು ಬರೀ ಲಾಂಚು ಬಂತೆಂದು ಹೇಳುತ್ತಿದ್ದಳಂತೆ. ಆಮೇಲೊಂದು ದಿನ, ಅದನ್ನು ಹೇಳಿಯೂ ಗುಂಡಿಯಿಂದ ಕೈ ತೆಗೆಯದೆ, ನನಗೆಂದೇ ಏನೋ ಹೇಳಿದಳಂತೆ. "ಅದು ಕೆಲಸದ ಮಾತಲ್ಲ ಮೇಡಂ, ಅಕ್ಕ ತಂಗೀಗೆ ಆಡೋ ಮಾತು. ನೀವು ಉತ್ತರ ಕೊಡಲಿಲ್ಲ. ನಡುವೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಾದೆ" ಎಂದರು ಟ್ಯಾಕ್ಸಿಯಣ್ಣ. ಏನು ಹೇಳಿದಳು ಎಂದು ಕೈಮುಗಿದು ಕೇಳಿದೆ. ಊರಿನವರ ಗುಟ್ಟನ್ನೆಲ್ಲ ಊರಿಗೇ ಕೇಳುವಂತೆ ಕೂಗುವ ಆ ಮನುಷ್ಯ ಆಗ ತಲೆತಗ್ಗಿಸಿಕೊಂಡು, "ಅದನ್ನ ನನ್ನ ಬಾಯಿಂದ ಕೇಳಬಾರದು. ಅಷ್ಟು ಮೆತ್ತಗೆ ಹೇಳಿದ್ರು" ಎಂದರು.

ಅಕ್ಕನನ್ನೇ ಕೇಳಿದೆ. ಅವಳು ಹುಳಿ ಕದಡುತ್ತ, "ಒಂದ್ಸಲ ಹೇಳಿಯಾಯ್ತು, ಇನ್ನೊಂದ್ಸಲ ಹೇಳೋಕೆ ನಾನೇನು ಟೇಪ್ ರೆಕಾರ್ಡರಾ?" ಎಂದಳು. ಅಮ್ಮನನ್ನು ಮುಂದಿಟ್ಟುಕೊಂಡು ಕೇಳಿಸಿದೆ, ಅದಕ್ಕೂ ಜಗ್ಗಲಿಲ್ಲ. ಆದ್ದರಿಂದ ಮಹಾಶಯರೇ, ತಮ್ಮಲ್ಲಿ ಬೇಡಿಕೊಳ್ಳುವುದಿಷ್ಟು. ತಾವು ಹಿಂದಕ್ಕೆ ಕಳಿಸಿದ ಆ ಮಾತು ಎಲ್ಲಿಗೆ ಹೋಯಿತೆಂದು ದಯಮಾಡಿ ವಿಚಾರಿಸಿ, ಹೊಳೆಯ ಮೇಲೋ ಆಕಾಶದಲ್ಲೋ ಎಲ್ಲಾದರೂ ಸಿಕ್ಕಿದರೆ ಮರ್ಯಾದೆಯಿಂದ ಕರೆತಂದು ನನ್ನ ಹೆಡ್‌ಫೋನಿಗೆ ಒಪ್ಪಿಸಬೇಕು. ಅದು ಆಗದಿದ್ದರೆ, ಪರರ ಅಬ್ಬರಕ್ಕೂ ಒಡಹುಟ್ಟಿದವರ ದನಿಗೂ ಇರುವ ವ್ಯತ್ಯಾಸವನ್ನು ಇನ್ನಾದರೂ ಕಲಿತು, ಅವಳು ಎಷ್ಟೇ ಓರೆಯಾಗಿ ನಿಂತು ಕರೆದರೂ ನಮ್ಮವಳೆಂದು ಗುರುತು ಹಿಡಿಯಬೇಕು. ಮುನಿಸಿನಿಂದ ಸುಮ್ಮನಿರುವುದಕ್ಕೂ ಕಷ್ಟದಲ್ಲಿ ಸುಮ್ಮನಿರುವುದಕ್ಕೂ ಬೇರೆ ಬೇರೆ ಬಣ್ಣದ ದೀಪ ಉರಿಸುವ ಏರ್ಪಾಡಾದರೆ ಇನ್ನೂ ಉಪಕಾರ. ನಮ್ಮ ಊಟದ ಮನೆಗೂ ಒಂದು ಕೊಳ್ಳುತ್ತೇವೆ.

ಅಲ್ಲಿಯವರೆಗೆ ನನಗೆ ತೋಚಿದ ಪರಿಹಾರವನ್ನು ನಾನೇ ಮಾಡಿದ್ದೇನೆ. ಅಕ್ಕನ ಬಿರಡೆಯನ್ನೇ ಸರಕಾರಿ ಸಂಖ್ಯೆಗೆ ತಿರುಗಿಸಿಬಿಡಿ ಎಂದು ಟೆಕ್ನಿಷಿಯನ್ನರು ಹೇಳಿದರು. "ಇಷ್ಟು ವರ್ಷ ಇದ್ದ ಜಾಗ ಇದು, ಬೇಕಾದ್ರೆ ಅವಳೇ ಈ ಕಡೆ ಬರಲಿ" ಎಂದಳು ಅಕ್ಕ. ಹಾಗಾಗಿ ಈಗ ತಮ್ಮ ಬಾಗಿಲನ್ನು ಅವಳಿರುವ ಕಡೆಗೆ ಒಂದಿಷ್ಟು ಅಗಲ ಮಾಡಿಸಿದ್ದೇನೆ. ಇದರಿಂದ ತಮ್ಮ ಕೀರ್ತಿಗೆ ಕುಂದು ಬಂದಿದೆಯೆಂದು ಬಲ್ಲೆ. ಬಾಗಿಲು ಅಗಲವಾದ ಮೇಲೆ ತಮ್ಮ ಹಿಡಿತ ಸಡಿಲಾಗಿ, ಟ್ಯಾಕ್ಸಿಯಣ್ಣನೂ ಆಗಾಗ ಸಣ್ಣಗೆ ಒಳಗೆ ನುಸುಳುತ್ತಾರೆ. ನಿನ್ನೆ ಯಾರೋ ಬೆಕ್ಕನ್ನು ಡಾಕ್ಟರ ಬಳಿ ಕರೆದೊಯ್ದ ಸಂಗತಿ ಸಂಪೂರ್ಣವಾಗಿ ಕೇಳಿದೆ. ಕೇಳಲಿ ಬಿಡಿ. ಆ ಗದ್ದಲದ ಒಳಗಿನಿಂದ ಅಕ್ಕ, "ಹಳೇ ಲಾಂಚು ಬಂತು" ಎನ್ನುತ್ತಾಳೆ, ನಾನು, "ಕೇಳಿಸ್ತು ಅಕ್ಕಾ" ಎನ್ನುತ್ತೇನೆ. ಅವಳು ಗುಂಡಿಯಿಂದ ಕೈ ತೆಗೆಯುತ್ತಾಳೆ. ಇನ್ನೊಂದು ಗಳಿಗೆ ತೆಗೆಯದೆ ಇರುತ್ತಾಳೇನೋ ಎಂದು ನಾನು ಪ್ರತಿ ಸಲವೂ ಕಾಯುತ್ತೇನೆ.

ತಮ್ಮ ಕರ್ತವ್ಯನಿಷ್ಠೆಗೆ ತಲೆಬಾಗಿ, ಅದರ ಒಂದಂಶ ಕಡಿಮೆಯಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಎದುರು ಕುರ್ಚಿಯವಳು

ವಿ.ಸೂ.: ಈ ಪತ್ರವನ್ನು ಅಂಟಿಸುವ ಮೊದಲು ಅಕ್ಕ ಮೇಜಿನ ಮೇಲಿಂದ ಎತ್ತಿಕೊಂಡು ಓದಿದಳು, ಕನ್ನಡಕವಿಲ್ಲದೆಯೇ, ನನಗೆ ಕಾಣಲಿ ಎಂದು. ಓದಿ ಮುಗಿಸಿ, "ಆ ಡಬ್ಬಿ ನೋಡ್ಕೊಳ್ಳೋದು ಒಳಗೆ ಬರೋ ಮಾತನ್ನ ಮಾತ್ರವಂತೆ. ಹೊರಗೆ ಹೋಗೋದಕ್ಕೆ ಅದು ಯಾವತ್ತೂ ಅಡ್ಡ ಇರಲಿಲ್ಲ ಅಂತ ಟೆಕ್ನಿಷಿಯನ್ ನನಗೆ ಹೇಳಿದಾರೆ. ನನ್ನ ಮಾತು ಕಳೆದುಹೋಯ್ತು, ಸರಿ. ನಿನ್ನದೆಲ್ಲಿ?" ಎಂದು ಕೇಳಿ ಕೆಲಸಕ್ಕೆ ಹೊರಟುಹೋದಳು. ಈ ಪ್ರಶ್ನೆಗೆ ತಮ್ಮನ್ನು ಹೊಣೆಮಾಡಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳ ಲಾಂಚು ಈಗ ಹೊಳೆಯ ನಡುವೆ ಇದೆ, ಅವಳಿನ್ನೂ ಕರೆದಿಲ್ಲ, ನನ್ನ ಹೆಬ್ಬೆರಳು ಗುಂಡಿಯ ಮೇಲಿದೆ. ತಾವು ದಯವಿಟ್ಟು ಆಚೆ ನೋಡುತ್ತಿರಿ.